2147483647: ಒಂದು ದೊಡ್ಡ ಅವಿಭಾಜ್ಯ ಸಂಖ್ಯೆಯ ಗುಣಗಳನ್ನು ಹಂತ ಹಂತವಾಗಿ ಪರೀಕ್ಷಿಸುವುದು ಹೇಗೆ?

ಹತ್ತು ಅಂಕಿಯ ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು ಹೇಳಲು ಇವತ್ತಿನ ಫೋನಿಗೆ ಅರೆಕ್ಷಣವೂ ಬೇಡ. ಆದರೆ "ಹೌದು, ಅವಿಭಾಜ್ಯ" ಎಂಬ ಉತ್ತರ ಸಿಕ್ಕ ಮಾತ್ರಕ್ಕೆ ಆ ಸಂಖ್ಯೆ ನಮಗೆ ಪರಿಚಯವಾಗುವುದಿಲ್ಲ. ಅದು ಯಾಕೆ ಅವಿಭಾಜ್ಯ? ಅದರ ಒಳಗೆ ಏನೇನು ನಡೆಯುತ್ತದೆ? ಕಾಗದ ಪೆನ್ನು ಹಿಡಿದು ನಾವೇ ಎಷ್ಟು ದೂರ ಹೋಗಬಹುದು? ಈ ಮಾರ್ಗದರ್ಶಿ ಇರುವುದು ಅದಕ್ಕೆ.

ಉದಾಹರಣೆಗೆ ನಾನು ಆರಿಸಿಕೊಂಡಿದ್ದು 2147483647. ನಮ್ಮ ಲೆಕ್ಕದಲ್ಲಿ 214 ಕೋಟಿ 74 ಲಕ್ಷ 83 ಸಾವಿರದ 647. ಇದು 2ನ್ನು 31 ಸಲ ಗುಣಿಸಿ ಒಂದು ಕಳೆದರೆ ಬರುವ ಸಂಖ್ಯೆ, ಅಂದರೆ 2³¹ − 1. ಇದು ಅವಿಭಾಜ್ಯ ಎಂದು 1772ರಲ್ಲಿ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಒಂದು ಪತ್ರದಲ್ಲಿ ತಿಳಿಸಿದರು. ಆ ಹೊತ್ತಿಗೆ ಅವರ ಕಣ್ಣಿನ ದೃಷ್ಟಿ ಬಹುಪಾಲು ಹೋಗಿತ್ತು.

ಸಂಬಂಧ ಕೂಡಿಸುವ ಮುಂಚೆ ಅಕ್ಕಪಕ್ಕದ ಮನೆಯವರನ್ನು ವಿಚಾರಿಸುತ್ತೇವಲ್ಲ, ದೊಡ್ಡ ಅವಿಭಾಜ್ಯ ಸಂಖ್ಯೆಗೂ ಅದೇ ದಾರಿ. ಅವಿಭಾಜ್ಯ ಸಂಖ್ಯೆಯನ್ನು ಒಡೆಯಲು ಆಗುವುದಿಲ್ಲ, ಹಾಗಾಗಿ ಅದರ ಒಳಗಿಂದ ಸುಳಿವು ಸಿಗುವುದಿಲ್ಲ. ಅದಕ್ಕಿಂತ ಒಂದು ಕಮ್ಮಿ ಇರುವ ಸಂಖ್ಯೆ, ಒಂದು ಜಾಸ್ತಿ ಇರುವ ಸಂಖ್ಯೆ ಇವೆಯಲ್ಲ, ಅವನ್ನು ಒಡೆಯಬಹುದು. ಮುಂದಿನ ಹಂತಗಳಲ್ಲಿ ಕೆಲಸಕ್ಕೆ ಬರುವುದೆಲ್ಲ ಆ ಎರಡರಿಂದಲೇ.

ಏನೇನು ಬೇಕು

ಕಾಗದ, ಪೆನ್ನು, ಸಾಮಾನ್ಯ ಕ್ಯಾಲ್ಕುಲೇಟರ್. ಆರನೇ ಹಂತದಿಂದ ಮುಂದಕ್ಕೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಇದ್ದರೆ ಒಳ್ಳೆಯದು, ಯಾಕೆಂದರೆ ಅದರಲ್ಲಿ ಪೂರ್ಣಾಂಕ ಎಷ್ಟೇ ದೊಡ್ಡದಾದರೂ ಒಂದಂಕಿಯೂ ಕಳೆದುಹೋಗುವುದಿಲ್ಲ. ಸ್ಪ್ರೆಡ್‌ಶೀಟ್ ಬಳಸಲೇಬೇಡಿ. ಎಕ್ಸೆಲ್ ಸುಮಾರು 15 ಅಂಕಿಗಳನ್ನಷ್ಟೇ ಸರಿಯಾಗಿ ಇಟ್ಟುಕೊಳ್ಳುತ್ತದೆ. ನಮ್ಮ ಸಂಖ್ಯೆಯ ವರ್ಗಕ್ಕೆ 19 ಅಂಕಿ. ಕೊನೆಯ ಅಂಕಿಗಳು ಸದ್ದಿಲ್ಲದೆ ಸೊನ್ನೆಯಾಗುತ್ತವೆ, ಉತ್ತರ ಪೂರ್ತಿ ತಪ್ಪುತ್ತದೆ.

ಹಂತ 1: ಶಾಲೆಯಲ್ಲಿ ಕಲಿತ ಪರೀಕ್ಷೆಗಳನ್ನು ಮೊದಲು ಮಾಡಿ

ಕೊನೆಯ ಅಂಕಿ 7. ಹಾಗಾಗಿ 2 ಮತ್ತು 5 ಹೋಗುವುದಿಲ್ಲ. ಅಂಕಿಗಳನ್ನು ಕೂಡಿಸಿ: 2+1+4+7+4+8+3+6+4+7 = 46. ಮೂರರಿಂದ ಭಾಗಿಸಿದರೆ ಶೇಷ 1, ಒಂಬತ್ತರಿಂದ ಭಾಗಿಸಿದರೂ ಶೇಷ 1. ಹನ್ನೊಂದಕ್ಕೆ ಬಲಗಡೆಯಿಂದ ಒಂದು ಬಿಟ್ಟು ಒಂದು ಕೂಡಿಸಿ ಕಳೆಯಿರಿ: 7−4+6−3+8−4+7−4+1−2 = 12. ಇಲ್ಲೂ ಶೇಷ 1.

ಏಳಕ್ಕೆ ಬೇರೆ ದಾರಿ ನೋಡಿ. 2³ ಅಂದರೆ 8, ಅದನ್ನು 7ರಿಂದ ಭಾಗಿಸಿದರೆ ಶೇಷ 1. ಹಾಗಾದರೆ 2³⁰ಕ್ಕೂ ಶೇಷ 1, 2³¹ಕ್ಕೆ ಶೇಷ 2, ಅದರಿಂದ ಒಂದು ಕಳೆದರೆ ಮತ್ತೆ 1.

3, 9, 11, 7 ಈ ಎಲ್ಲ ಕಡೆಯೂ ಶೇಷ 1 ಬರುತ್ತಿರುವುದು ಕಾಕತಾಳೀಯ ಅಲ್ಲ. ನಮ್ಮ ಸಂಖ್ಯೆಯಿಂದ ಒಂದು ಕಳೆದರೆ ಸಿಗುವ ಸಂಖ್ಯೆಯನ್ನು ಇವೆಲ್ಲವೂ ಭಾಗಿಸುತ್ತವೆ ಎಂದು ಅರ್ಥ.

ಹಂತ 2: ಅಕ್ಕಪಕ್ಕದ ಎರಡು ಸಂಖ್ಯೆಗಳನ್ನು ಒಡೆಯಿರಿ

ಮೇಲಿನದು ಸುಲಭ: 2147483648 = 2³¹. ಬರೀ ಎರಡುಗಳು.

ಕೆಳಗಿನದು 2147483646. ಇದು 2 × (2³⁰ − 1). ಈಗ 2³⁰ − 1 ಅನ್ನು (2¹⁵ − 1) × (2¹⁵ + 1) ಎಂದು ಬರೆಯಬಹುದು. ಅಂದರೆ 32767 × 32769. ಈ ಎರಡೂ ಚಿಕ್ಕವು, ಕೈಯಲ್ಲೇ ಒಡೆಯಬಹುದು.

32767 = 7 × 31 × 151
32769 = 3 × 3 × 11 × 331

ಒಟ್ಟು ಸೇರಿಸಿದರೆ 2147483646 = 2 × 3² × 7 × 11 × 31 × 151 × 331. ಈ ಸಾಲನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ, ಏಳನೇ ಹಂತದಲ್ಲಿ ಬೇಕಾಗುತ್ತದೆ. ಹತ್ತಂಕಿಯ ಸಂಖ್ಯೆಯೊಂದು ಇಷ್ಟು ಪುಟ್ಟ ಪುಟ್ಟ ಚೂರುಗಳಾಗಿ ಒಡೆಯುವುದು ಅಪರೂಪ.

ಹಂತ 3: ಎಲ್ಲಿಯವರೆಗೆ ಭಾಗಿಸಬೇಕು ಎಂದು ಗೊತ್ತುಮಾಡಿಕೊಳ್ಳಿ

46340ರ ವರ್ಗ 2147395600. 46341ರ ವರ್ಗ 2147488281, ಇದು ನಮ್ಮ ಸಂಖ್ಯೆಯನ್ನು ದಾಟಿತು. ಸಂಖ್ಯೆ ಒಡೆಯುವುದಾದರೆ ಒಂದು ಅಪವರ್ತನವಾದರೂ 46340ರ ಒಳಗೆ ಇರಲೇಬೇಕು. ಅಷ್ಟರೊಳಗೆ 4,700ಕ್ಕೂ ಜಾಸ್ತಿ ಅವಿಭಾಜ್ಯಗಳಿವೆ. ಅಷ್ಟೂ ಭಾಗಾಕಾರ ಕೈಯಲ್ಲಿ ಮಾಡುವುದು ಕಷ್ಟ. ಆದರೆ ಅಷ್ಟು ಮಾಡಬೇಕಾಗಿಲ್ಲ.

ಹಂತ 4: ಯಾವ ಭಾಜಕಗಳಿಗೆ ಅವಕಾಶವೇ ಇಲ್ಲ ಎಂದು ತೆಗೆದುಹಾಕಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಇಡೀ ವಿಷಯದಲ್ಲಿ ನನಗೆ ಅತಿ ಚೆಂದ ಅನ್ನಿಸುವುದು ಈ ಹಂತ.

ಒಂದು ಅವಿಭಾಜ್ಯ ಭಾಜಕ 2³¹ − 1 ಅನ್ನು ಶೇಷವಿಲ್ಲದೆ ಭಾಗಿಸುತ್ತದೆ ಎಂದುಕೊಳ್ಳಿ. ಆಗ ಆ ಭಾಜಕದ ಲೆಕ್ಕದಲ್ಲಿ, ಅಂದರೆ ಅದರಿಂದ ಭಾಗಿಸಿದಾಗ, 2³¹ಕ್ಕೆ ಶೇಷ 1. ಗಣಿತಜ್ಞ ಫರ್ಮಾನ ಪ್ರಮೇಯ ಇನ್ನೊಂದು ಮಾತು ಹೇಳುತ್ತದೆ: 2ರ ಘಾತವನ್ನು (ಭಾಜಕ − 1) ಎಂದು ಇಟ್ಟರೂ ಶೇಷ 1 ಬರಬೇಕು. ಶೇಷ 1 ಕೊಡುವ ಅತಿ ಚಿಕ್ಕ ಘಾತ ಯಾವುದೋ ಅದು ಈ ಎರಡೂ ಘಾತಗಳನ್ನು ಭಾಗಿಸಬೇಕು. 31 ಅವಿಭಾಜ್ಯ. ಹಾಗಾಗಿ ಆ ಚಿಕ್ಕ ಘಾತ 1 ಅಥವಾ 31. 1 ಆಗಲು ಸಾಧ್ಯವಿಲ್ಲ, 2ಕ್ಕೆ ಶೇಷ 1 ಕೊಡುವ ಅವಿಭಾಜ್ಯ ಭಾಜಕ ಇಲ್ಲವೇ ಇಲ್ಲ. ಅಂದಮೇಲೆ 31.

ಇದರಿಂದ (ಭಾಜಕ − 1) ಎಂಬುದು 31ರ ಮಗ್ಗಿಯಲ್ಲಿ ಇರಬೇಕು. ಭಾಜಕ ಬೆಸ ಸಂಖ್ಯೆ, ಹಾಗಾಗಿ 62ರ ಮಗ್ಗಿಯಲ್ಲೇ ಇರಬೇಕು. ಭಾಜಕದ ರೂಪ 62 × ಕ + 1, ಇಲ್ಲಿ 'ಕ' ಯಾವುದೋ ಪೂರ್ಣಸಂಖ್ಯೆ. ಗಮನಿಸಿ, ಇಲ್ಲೂ ಸುಳಿವು ಬಂದಿದ್ದು ಭಾಜಕಕ್ಕಿಂತ ಒಂದು ಕಮ್ಮಿ ಇರುವ ಸಂಖ್ಯೆಯಿಂದ.

ಇನ್ನೊಂದು ಜರಡಿ ಇದೆ. 2³¹ಕ್ಕೆ ಶೇಷ 1 ಆದರೆ 2³²ಕ್ಕೆ ಶೇಷ 2. ಆದರೆ 2³² ಅಂದರೆ 65536ರ ವರ್ಗ. ಅಂದರೆ ಈ ಭಾಜಕದ ಲೆಕ್ಕದಲ್ಲಿ 2 ಎಂಬುದು ಒಂದು ವರ್ಗ. 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಬರುವ ಅವಿಭಾಜ್ಯಗಳಿಗೆ ಮಾತ್ರ ಹೀಗಾಗುತ್ತದೆ.

ಎರಡೂ ಜರಡಿ ಸೇರಿಸಿದರೆ ಉಳಿಯುವ ರೂಪ ಎರಡೇ: 248 × ಕ + 1 ಮತ್ತು 248 × ಕ + 63.

ಎಷ್ಟು ಉಳಿದವು ಎಣಿಸೋಣ. 46340ರ ಒಳಗೆ ಮೊದಲ ರೂಪದವು 186, ಎರಡನೆಯ ರೂಪದವು 187. ಅದರಲ್ಲಿ ಮೊದಲನೆಯದೇ 63, ಅದು ಅವಿಭಾಜ್ಯ ಅಲ್ಲ, ಬಿಡಿ. ಒಟ್ಟು 372. ಇವುಗಳಲ್ಲೂ ಬಹಳಷ್ಟು ಒಡೆಯುವ ಸಂಖ್ಯೆಗಳೇ. 249ರಲ್ಲಿ 3 ಇದೆ, 497ರಲ್ಲಿ 7 ಇದೆ, 559 ಅಂದರೆ 13 × 43. 1500ರ ಒಳಗೆ ನಿಜವಾಗಿ ಪರೀಕ್ಷಿಸಬೇಕಾದವು ಬರೀ ಮೂರು: 311, 1303, 1489. ಸಾವಿರಾರು ಭಾಗಾಕಾರದ ಕೆಲಸ ಒಂದೆರಡು ಸಂಜೆಯ ಕೆಲಸಕ್ಕೆ ಇಳಿಯಿತು, ಅಲ್ವಾ? ಆಯ್ಲರ್ ಹಿಡಿದ ದಾರಿ ಇದೇ.

ಈ ಜರಡಿ ಬೇರೆ ಕಡೆಯೂ ಕೆಲಸ ಮಾಡುತ್ತದೆಯೇ ಎಂದು ನೋಡಲು 2²⁹ − 1 ತೆಗೆದುಕೊಳ್ಳಿ. ಅಲ್ಲಿ ಭಾಜಕದ ರೂಪ 58 × ಕ + 1. ಆ ಸಂಖ್ಯೆ 233 × 1103 × 2089 ಎಂದು ಒಡೆಯುತ್ತದೆ. ಮೂರರಿಂದಲೂ ಒಂದು ಕಳೆದು 58ರಿಂದ ಭಾಗಿಸಿ ನೋಡಿ: 4, 19, 36.

ಹಂತ 5: ಉದ್ದ ಭಾಗಾಕಾರದ ಬದಲು ಘಾತ ಏರಿಸಿ

311 ನಮ್ಮ ಸಂಖ್ಯೆಯನ್ನು ಭಾಗಿಸುತ್ತದೆಯೇ? ಹತ್ತಂಕಿಯ ಭಾಗಾಕಾರ ಬೇಡ. 2ರ ಘಾತಗಳನ್ನು ಏರಿಸುತ್ತಾ, 311 ದಾಟಿದಾಗಲೆಲ್ಲ ಶೇಷ ಮಾತ್ರ ಇಟ್ಟುಕೊಳ್ಳಿ.

2⁹ = 512, ಶೇಷ 201
2¹⁰ಕ್ಕೆ 402, ಶೇಷ 91
2²⁰ಕ್ಕೆ 91 × 91 = 8281, ಶೇಷ 195
2³⁰ಕ್ಕೆ 195 × 91 = 17745, ಶೇಷ 18
2³¹ಕ್ಕೆ 36

1 ಬರಲಿಲ್ಲ, 36 ಬಂತು. ಹಾಗಾಗಿ 311 ಭಾಗಿಸುವುದಿಲ್ಲ. ನಮ್ಮ ಸಂಖ್ಯೆಗೆ ಶೇಷ 35. ಇದೇ ಕ್ರಮದಲ್ಲಿ 1303, 1489 ಮಾಡಿ, ಮುಂದಿನವನ್ನೂ ಮಾಡುತ್ತಾ ಹೋಗಿ.

ಇಲ್ಲೊಂದು ಎಚ್ಚರಿಕೆ. "2ರ ಘಾತವನ್ನು ಸಂಖ್ಯೆಗಿಂತ ಒಂದು ಕಮ್ಮಿ ಇಟ್ಟು, ಶೇಷ 1 ಬಂದರೆ ಅದು ಅವಿಭಾಜ್ಯ" ಎಂಬ ಸುಲಭ ಪರೀಕ್ಷೆಯನ್ನು ತುಂಬಾ ಜನ ಬಳಸುತ್ತಾರೆ. ಈ ಜಾತಿಯ ಸಂಖ್ಯೆಗೆ ಅದು ಏನೂ ಹೇಳುವುದಿಲ್ಲ. 2¹¹ − 1 ಅಂದರೆ 2047. ಅದು 23 × 89, ಅವಿಭಾಜ್ಯ ಅಲ್ಲ. ಆದರೂ 2046 ಎಂಬುದು 11ರ ಮಗ್ಗಿಯಲ್ಲಿ ಇರುವುದರಿಂದ ಆ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಘಾತ ಅವಿಭಾಜ್ಯವಾಗಿರುವ ಇಂಥ ಎಲ್ಲ ಸಂಖ್ಯೆಗಳೂ ಪಾಸಾಗುತ್ತವೆ. 2ರ ಬದಲು 3 ಬಳಸಿ.

ಹಂತ 6: ಮೇಲಿನ ಪಕ್ಕದ ಸಂಖ್ಯೆಯಿಂದ ಪೂರ್ತಿ ಸಾಬೀತು ಮಾಡಿ

2³¹ − 1ರ ಮೇಲಿನ ಪಕ್ಕದ ಸಂಖ್ಯೆಯಲ್ಲಿ ಬರೀ ಎರಡುಗಳಿವೆ ಎಂದು ನೋಡಿದೆವು. ಇದನ್ನು ಬಳಸಿಕೊಳ್ಳುವ ಪರೀಕ್ಷೆಯ ಬೀಜ 1870ರ ದಶಕದಲ್ಲಿ ಎದ್ವಾರ್ ಲ್ಯೂಕಾಸ್ ಹಾಕಿದರು, 1930ರ ದಶಕದಲ್ಲಿ ಡಿ. ಎಚ್. ಲೆಹ್ಮರ್ ಅದನ್ನು ಇವತ್ತಿನ ರೂಪಕ್ಕೆ ತಂದರು. ಒಂದೂ ಭಾಜಕವನ್ನು ಹುಡುಕದೆ ಇದು ಖಚಿತ ಉತ್ತರ ಕೊಡುತ್ತದೆ.

ವಿಧಾನ ಹೀಗೆ. 4ರಿಂದ ಶುರು ಮಾಡಿ. ವರ್ಗ ಮಾಡಿ, 2 ಕಳೆಯಿರಿ, ಪರೀಕ್ಷಿಸುತ್ತಿರುವ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಘಾತಕ್ಕಿಂತ ಎರಡು ಕಮ್ಮಿ ಸಲ ಹೀಗೆ ಮಾಡಿ. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ. ಘಾತ ಬೆಸ ಅವಿಭಾಜ್ಯವಾಗಿರಬೇಕು, ಅಷ್ಟೇ ಷರತ್ತು.

ಮೊದಲು ಚಿಕ್ಕದರಲ್ಲಿ ಕೈ ಪಳಗಿಸಿಕೊಳ್ಳಿ. 2⁷ − 1 = 127. ಐದು ಸಲ ಮಾಡಬೇಕು: 4, 14, 67, 42, 111, 0. ಸೊನ್ನೆ ಬಂತು, 127 ಅವಿಭಾಜ್ಯ.

ಈಗ 2047. ಒಂಬತ್ತು ಸಲ: 4, 14, 194, 788, 701, 119, 1877, 240, 282, 1736. ಸೊನ್ನೆ ಬರಲಿಲ್ಲ. ಹಿಂದಿನ ಪರೀಕ್ಷೆಯನ್ನು ದಾಟಿದ ಸಂಖ್ಯೆ ಇಲ್ಲಿ ಸಿಕ್ಕಿಬಿತ್ತು.

ಶೇಷ ತೆಗೆಯಲು ಭಾಗಾಕಾರ ಬೇಡ, ಮಡಚಿದರೆ ಸಾಕು. 127ರ ಲೆಕ್ಕದಲ್ಲಿ 128 ಅಂದರೆ 1ಕ್ಕೆ ಸಮ. ಹಾಗಾಗಿ ಸಂಖ್ಯೆಯಲ್ಲಿ ಎಷ್ಟು 128 ಇವೆಯೋ ಅಷ್ಟನ್ನು ಉಳಿದದ್ದಕ್ಕೆ ಕೂಡಿಸಿಬಿಡಿ. 67ರ ವರ್ಗದಿಂದ 2 ಕಳೆದರೆ 4487. ಅದರಲ್ಲಿ 128 ಇರುವುದು 35 ಸಲ, ಉಳಿಯುವುದು 7. 35 + 7 = 42. ಕಂಪ್ಯೂಟರಿಗೆ ಇದು ಇನ್ನೂ ಸುಲಭ, ದ್ವಿಮಾನದಲ್ಲಿ (0, 1 ಎರಡೇ ಅಂಕಿಗಳಲ್ಲಿ) ಬರೆದ ಸಂಖ್ಯೆಯನ್ನು ಎರಡು ತುಂಡು ಮಾಡಿ ಕೂಡಿಸಿದರೆ ಆಯಿತು.

ಈಗ ನಮ್ಮ ಸಂಖ್ಯೆ. 29 ಸಲ ಮಾಡಬೇಕು. ಪೈಥಾನ್‌ನಲ್ಲಿ ನಾಲ್ಕೈದು ಸಾಲಿನ ಲೂಪ್ ಸಾಕು. ನಿಮ್ಮ ಉತ್ತರ ಹೀಗೆ ಶುರುವಾಗಬೇಕು: 4, 14, 194, 37634, 1416317954, 669670838. ಕೊನೆಯ ಮೂರು ಹೀಗಿರಬೇಕು: 1181536708, 65536, 0.

ಕೊನೆಯಿಂದ ಎರಡನೆಯದನ್ನು ನೋಡಿ. 65536! ಅದರ ವರ್ಗ 2³², ಅದರ ಶೇಷ 2, ಎರಡು ಕಳೆದರೆ 0. ನಾಲ್ಕನೇ ಹಂತದಲ್ಲಿ ಜರಡಿ ಮಾಡಲು ಬಳಸಿದ ಸಂಖ್ಯೆಯೇ ಇಲ್ಲಿ ತಾನಾಗಿ ಬಂದು ನಿಂತಿದೆ. 127ರಲ್ಲೂ ಹೀಗೇ: ಅಲ್ಲಿ ಸೊನ್ನೆಗೆ ಮುಂಚೆ ಬಂದ 111 ಅಂದರೆ 127 − 16, ಮತ್ತು 16ರ ವರ್ಗ 256ಕ್ಕೆ ಶೇಷ 2.

2024ರ ಅಕ್ಟೋಬರ್‌ನಲ್ಲಿ ಸಿಕ್ಕ ದಾಖಲೆಯ ಅವಿಭಾಜ್ಯ 2ರ ಘಾತ 136279841, ಅದರಿಂದ ಒಂದು ಕಮ್ಮಿ. ಅದಕ್ಕೆ 4 ಕೋಟಿ 10 ಲಕ್ಷ 24 ಸಾವಿರದ 320 ಅಂಕಿಗಳು. ಅದನ್ನು ಖಚಿತಪಡಿಸಿದ್ದೂ ಇದೇ ಪರೀಕ್ಷೆಯಿಂದ. ನೀವು 127ಕ್ಕೆ ಮಾಡಿದ ಲೆಕ್ಕವನ್ನೇ ಅಲ್ಲಿ ಹದಿಮೂರು ಕೋಟಿಗೂ ಜಾಸ್ತಿ ಸಲ ಮಾಡಲಾಗಿದೆ.

ಹಂತ 7: ಕೆಳಗಿನ ಪಕ್ಕದ ಸಂಖ್ಯೆಯಿಂದ ಒಳಗಿನ ಚಕ್ರ ನೋಡಿ

ಅವಿಭಾಜ್ಯ ಎಂದು ಸಾಬೀತಾಯಿತು. ಈಗ ಗುಣಗಳು. 2147483647ರ ಶೇಷಗಳ ಲೋಕದಲ್ಲಿ ಒಂದು ಸಂಖ್ಯೆಯನ್ನು ಹಿಡಿದು ಅದರ ಘಾತಗಳನ್ನು ಬರೆಯುತ್ತಾ ಹೋಗಿ. ಎಂದಾದರೂ 1 ಬರುತ್ತದೆ, ಅಲ್ಲಿಂದ ಮತ್ತೆ ಅದೇ ಸಾಲು. 2ರ ಚಕ್ರ 31ಕ್ಕೇ ಮುಗಿಯುತ್ತದೆ. ಪ್ರತಿ ಚಕ್ರದ ಉದ್ದವೂ 2147483646ನ್ನು ಭಾಗಿಸಬೇಕು.

ಯಾವುದಾದರೂ ಸಂಖ್ಯೆ ಅಷ್ಟೂ ಉದ್ದದ ಚಕ್ರ ಸುತ್ತುತ್ತದೆಯೇ? ಅಂಥದ್ದಕ್ಕೆ ಪ್ರಿಮಿಟಿವ್ ರೂಟ್ ಎನ್ನುತ್ತಾರೆ. 214 ಕೋಟಿ ಘಾತ ಬರೆದು ನೋಡಬೇಕಿಲ್ಲ. ಎರಡನೇ ಹಂತದಲ್ಲಿ ಸಿಕ್ಕ ಏಳು ಅವಿಭಾಜ್ಯಗಳನ್ನು ತೆಗೆದುಕೊಳ್ಳಿ: 2, 3, 7, 11, 31, 151, 331. ಒಂದೊಂದರಿಂದಲೂ 2147483646ನ್ನು ಭಾಗಿಸಿ, ಬಂದ ಭಾಗಲಬ್ಧವನ್ನು ಘಾತವಾಗಿ ಇಡಿ. ಏಳರಲ್ಲಿ ಒಂದು ಸಲವೂ ಶೇಷ 1 ಬರದಿದ್ದರೆ ಆ ಸಂಖ್ಯೆ ಪೂರ್ತಿ ಚಕ್ರ ಸುತ್ತುತ್ತದೆ. ಏಳೇ ಪರೀಕ್ಷೆ. ಪೈಥಾನ್‌ನಲ್ಲಿ ಘಾತದ ಫಂಕ್ಷನ್ನಿಗೆ ಆಧಾರ, ಘಾತ, ಭಾಜಕ ಈ ಮೂರನ್ನೂ ಕೊಟ್ಟರೆ ನೇರವಾಗಿ ಶೇಷ ಬರುತ್ತದೆ. ಚಿಕ್ಕ ಸಂಖ್ಯೆಯಿಂದ ಶುರು ಮಾಡಿದರೆ ಈ ಗುಣ ಮೊದಲು ಕಾಣುವುದು 7ರಲ್ಲಿ.

7⁵ = 16807. 5 ಎಂಬುದು ಆ ಏಳು ಅವಿಭಾಜ್ಯಗಳಲ್ಲಿ ಇಲ್ಲ, ಹಾಗಾಗಿ 16807ಕ್ಕೂ ಪೂರ್ತಿ ಚಕ್ರ. ಕಂಪ್ಯೂಟರಿನಲ್ಲಿ ಯಾದೃಚ್ಛಿಕವಾಗಿ ಕಾಣುವ ಸಂಖ್ಯೆಗಳನ್ನು ಹುಟ್ಟಿಸಲು 1988ರಲ್ಲಿ ಸ್ಟೀಫನ್ ಪಾರ್ಕ್ ಮತ್ತು ಕೀತ್ ಮಿಲ್ಲರ್ ಇದನ್ನೇ ಶಿಫಾರಸು ಮಾಡಿದರು. 1ರಿಂದ ಶುರು ಮಾಡಿ ಪ್ರತಿ ಸಲ 16807ರಿಂದ ಗುಣಿಸಿ ಶೇಷ ಇಟ್ಟುಕೊಂಡರೆ 16807, 282475249, 1622650073 ಎಂದು ಬರುತ್ತದೆ. ಹತ್ತುಸಾವಿರನೆಯದು 1043618065 ಆಗಬೇಕು. ನಿಮ್ಮ ಪ್ರೋಗ್ರಾಂ ಸರಿಯಾಗಿದೆಯೇ ಎಂದು ನೋಡಲು ಇದು ಒಳ್ಳೆಯ ಪರೀಕ್ಷೆ. ಗುಟ್ಟಿನ ಕೆಲಸಗಳಿಗೆ, ಪಾಸ್‌ವರ್ಡ್ ಇತ್ಯಾದಿಗೆ, ಈ ವಿಧಾನ ಬಳಸಬೇಡಿ. ಒಂದು ಸಂಖ್ಯೆ ಗೊತ್ತಾದರೆ ಮುಂದಿನದೆಲ್ಲ ಗೊತ್ತಾಗಿಬಿಡುತ್ತದೆ.

ವರ್ಗಮೂಲವೂ ಇಲ್ಲಿ ವಿಚಿತ್ರವಾಗಿ ಸುಲಭ. ನಮ್ಮ ಸಂಖ್ಯೆಯನ್ನು 4ರಿಂದ ಭಾಗಿಸಿದರೆ ಶೇಷ 3. ಅಂಥ ಅವಿಭಾಜ್ಯದಲ್ಲಿ ವರ್ಗಮೂಲ ಬೇಕಿದ್ದರೆ ಸಂಖ್ಯೆಯನ್ನು (ಅವಿಭಾಜ್ಯ + 1) ÷ 4 ಎಂಬ ಘಾತಕ್ಕೆ ಏರಿಸಬೇಕು. ಇಲ್ಲಿ ಆ ಘಾತ 2³¹ ÷ 4, ಅಂದರೆ 2²⁹. ಅಷ್ಟಕ್ಕೆ ಏರಿಸುವುದು ಅಂದರೆ 29 ಸಲ ವರ್ಗ ಮಾಡುವುದು, ಅಷ್ಟೇ. ವರ್ಗ ಮಾಡುತ್ತಾ ಹೋದರೆ ವರ್ಗಮೂಲ ಸಿಗುತ್ತದೆ! 2ರಿಂದ ಶುರು ಮಾಡಿ ನೋಡಿ, 65536 ಬರುತ್ತದೆ. ಮೂಲ ಇರುವ ಸಂಖ್ಯೆಗೆ ಮಾತ್ರ ಇದು ನಡೆಯುವುದು, ಹಾಗಾಗಿ ಬಂದ ಉತ್ತರವನ್ನು ವರ್ಗ ಮಾಡಿ ತಾಳೆ ನೋಡಿ.

ಹಂತ 8: ಪರಿಪೂರ್ಣ ಸಂಖ್ಯೆ ಕಟ್ಟಿ

ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ತಾನೇ ಸಮನಾಗಿರುವುದು ಪರಿಪೂರ್ಣ ಸಂಖ್ಯೆ. 6 = 1 + 2 + 3 ಹಾಗೆ. 2³¹ − 1 ಅವಿಭಾಜ್ಯವಾದ್ದರಿಂದ ಅದನ್ನು 2³⁰ರಿಂದ ಗುಣಿಸಿದರೆ ಪರಿಪೂರ್ಣ ಸಂಖ್ಯೆ ಬರುತ್ತದೆ. ಇದು ಯೂಕ್ಲಿಡ್ ಕಾಲದಿಂದಲೂ ಗೊತ್ತು. ಉತ್ತರ 2305843008139952128. ಇದಕ್ಕೆ ಒಟ್ಟು 62 ಭಾಜಕಗಳು.

ಋಣ ಸಂಖ್ಯೆಗಳಿಗೂ ಜಾಗ ಇಟ್ಟುಕೊಂಡಿರುವ 32 ಬಿಟ್‌ನ ಪೂರ್ಣಾಂಕದಲ್ಲಿ ಹಿಡಿಸುವ ಅತಿ ದೊಡ್ಡ ಧನ ಸಂಖ್ಯೆಯೂ 2147483647 ಎಂದು ಪ್ರೋಗ್ರಾಮರ್‌ಗಳಿಗೆ ಗೊತ್ತಿರುತ್ತದೆ. 1970ರಿಂದ ಸೆಕೆಂಡು ಎಣಿಸುವ ಹಳೆಯ ವ್ಯವಸ್ಥೆಗಳಲ್ಲಿ ಈ ಎಣಿಕೆ ತುಂಬುವುದು ನಮ್ಮ ಗಡಿಯಾರದಲ್ಲಿ 2038ರ ಜನವರಿ 19ರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಆದರೆ ಅದಕ್ಕೂ ಅವಿಭಾಜ್ಯವಾಗಿರುವುದಕ್ಕೂ ಸಂಬಂಧವಿಲ್ಲ.

ಬೇರೆ ಸಂಖ್ಯೆ ಕೊಟ್ಟರೆ?

ಮೊದಲು ಅದರ ಅಕ್ಕಪಕ್ಕದ ಸಂಖ್ಯೆಗಳು ಒಡೆಯುತ್ತವೆಯೇ ನೋಡಿ. ಕೆಳಗಿನದು ಪೂರ್ತಿ ಒಡೆದರೆ ಏಳನೇ ಹಂತದ ಪರೀಕ್ಷೆಯೇ ಪುರಾವೆಯಾಗುತ್ತದೆ. ಯಾವುದಾದರೂ ಒಂದು ಆಧಾರವನ್ನು ಹಿಡಿದು ನೋಡಿದಾಗ ಸಂಖ್ಯೆಗಿಂತ ಒಂದು ಕಮ್ಮಿ ಘಾತಕ್ಕೆ ಶೇಷ 1 ಬರಬೇಕು, ಅದರ ಒಂದೊಂದು ಅವಿಭಾಜ್ಯ ಅಪವರ್ತನದಿಂದ ಭಾಗಿಸಿ ಬಂದ ಘಾತಕ್ಕೆ ಬರಬಾರದು. ಎರಡೂ ಒಡೆಯದಿದ್ದರೆ ಮಿಲ್ಲರ್–ರಾಬಿನ್ ಪರೀಕ್ಷೆ ಬಳಸಿ, ಬಹುತೇಕ ಖಚಿತ ಉತ್ತರ ಸಿಗುತ್ತದೆ. ಯಾವ ವಿಶೇಷ ರೂಪವೂ ಇಲ್ಲದ ಸಂಖ್ಯೆಗೂ ಸಂಶಯಕ್ಕೆ ಎಡೆಯಿಲ್ಲದ, ವೇಗದ ವಿಧಾನ ಇದೆ ಎಂದು 2002ರಲ್ಲಿ ತೋರಿಸಿಕೊಟ್ಟವರು ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ. ಗಣಿತ ಲೋಕ ಎಷ್ಟೋ ಕಾಲದಿಂದ ಕಾದಿದ್ದ ಉತ್ತರ ಅದು.

ಹಂತ 9: ಇನ್ನೂ ಮುಂದೆ ಹೋಗುವ ಆಸೆ ಇದ್ದರೆ

31 ಎಂಬುದೇ 2⁵ − 1. ಅದನ್ನು ಘಾತವಾಗಿ ಇಟ್ಟರೆ ನಮ್ಮ ಸಂಖ್ಯೆ ಬಂತು. ನಮ್ಮ ಸಂಖ್ಯೆಯನ್ನೇ ಮತ್ತೆ ಘಾತವಾಗಿ ಇಟ್ಟು ಒಂದು ಕಳೆದರೆ? 64 ಕೋಟಿಗೂ ಜಾಸ್ತಿ ಅಂಕಿಗಳ ಸಂಖ್ಯೆ ಬರುತ್ತದೆ. ಅದು ಅವಿಭಾಜ್ಯ ಅಲ್ಲ, ಮತ್ತು ಅದನ್ನು ನೀವೇ ತೋರಿಸಬಹುದು.

ನಾಲ್ಕನೇ ಹಂತದ ಪ್ರಕಾರ ಅದರ ಭಾಜಕದ ರೂಪ 2 × 2147483647 × ಕ + 1. 'ಕ' ಜಾಗದಲ್ಲಿ 68745 ಹಾಕಿ. 295257526626031 ಬರುತ್ತದೆ. 8ರಿಂದ ಭಾಗಿಸಿದರೆ ಶೇಷ 7, ಎರಡನೇ ಜರಡಿಯನ್ನೂ ದಾಟಿತು. ಇನ್ನು ಪರೀಕ್ಷೆ. 2147483647ನ್ನು ದ್ವಿಮಾನದಲ್ಲಿ ಬರೆದರೆ 31 ಒಂದುಗಳು, ಬೇರೇನೂ ಇಲ್ಲ. ಹಾಗಾಗಿ 2ರಿಂದ ಶುರು ಮಾಡಿ, ವರ್ಗ ಮಾಡಿ, 2ರಿಂದ ಗುಣಿಸಿ, 295257526626031ರಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಹೀಗೆ 30 ಸಲ. ಮೂವತ್ತನೇ ಸಲ 1 ಬರಬೇಕು. ಬಂದರೆ 64 ಕೋಟಿ ಅಂಕಿಯ ಆ ಸಂಖ್ಯೆಗೆ 15 ಅಂಕಿಯ ಒಂದು ಭಾಜಕ ಇದೆ ಎಂದು ಸಾಬೀತಾಯಿತು. ಆ ದೊಡ್ಡ ಸಂಖ್ಯೆಯ ಒಂದಂಕಿಯನ್ನೂ ಬರೆಯಬೇಕಾಗಿ ಬರಲಿಲ್ಲ.